ಒಂಟಿಬೀಜ

ಮಡಿಕೇರಿಯಲ್ಲಿ ಎಡಗಣ್ಣಿನ ಪೊರೆ ತೆಗೆದರು.
ಬಲಗಣ್ಣಿಗೆ ಮುಂದಿನ ತಿಂಗಳ ತಾರೀಖು ಬರೆದು
ಕಪ್ಪು ಕನ್ನಡಕ ಕೊಟ್ಟು
ಕುಶಾಲನಗರದ ಬಸ್ಸು ಹತ್ತಿಸಿದರು.

ಮನೆಗೆ ಬಂದವಳು ಮಾತು ಮೀರಿ ಕನ್ನಡಕ ತೆಗೆದೆ.
ಹಗ್ಗದ ಮೇಲೆ ಲೀಲಕ್ಕ ಒಣಹಾಕಿದ ಸೀರೆ.
ನೀಲಿ.
ಇಷ್ಟು ನೀಲಿ ಲೋಕದಲ್ಲಿತ್ತೆ?
ಬಲಗಣ್ಣು ಮುಚ್ಚಿದರೆ ನೀಲಿ,
ಎಡಗಣ್ಣು ಮುಚ್ಚಿದರೆ ಹಳೇ ಚಾಪೆಯ ಬಣ್ಣ.
ಅದೇ ಸೀರೆ, ಅದೇ ಹಗ್ಗ.
ಮುಚ್ಚಿ ತೆರೆದು, ಮುಚ್ಚಿ ತೆರೆದು
ಮಗುವಿನ ಹಾಗೆ ಆಡುತ್ತಿದ್ದೆ.

ಆಮೇಲೆ ಎದೆ ಧಸಕ್ಕೆಂದಿತು.

ಕೂಡ್ಲೂರಿನ ಕಾಫಿ ಗೋದಾಮಿನಲ್ಲಿ
ಮೂವತ್ತಾರು ವರ್ಷ ಬೀಜ ಆರಿಸಿದವಳು ನಾನು.
ಹಸಿರುನೀಲಿ ಇದ್ದದ್ದು ಎಡಕ್ಕೆ.
ಹಳದಿಗೆ ತಿರುಗಿದ್ದು, ಕಪ್ಪು, ಒಡಕು,
ಹುಳ ಕೊರೆದದ್ದು ಬಲಕ್ಕೆ.
"ದೇಜಮ್ಮನ ಕಣ್ಣು ತಕ್ಕಡಿ" ಅನ್ನುತ್ತಿದ್ದ ಕುಞ್ಞಾಲಿ ಮೇಸ್ತ್ರಿ;
ಆ ಮಾತನ್ನು ಬಳೆಯಂತೆ ತೊಟ್ಟು ತಿರುಗಿದೆ.
ಪೊರೆ ಯಾವಾಗ ಶುರುವಾಯಿತು ಡಾಕ್ಟರೇ, ಎಂದು ಕೇಳಿದ್ದೆ.
"ಹತ್ತು ವರ್ಷವಾದರೂ ಆಗಿರಬೇಕು ಅಜ್ಜಿ,
ಅದು ಹೇಳಿ ಬರುವುದಿಲ್ಲ."
ಹತ್ತರಲ್ಲಿ ಮೊದಲ ಆರು ನಾನು ಮೇಜಿನ ಮುಂದೆಯೇ ಇದ್ದೆ.
ಹಾಗಾದರೆ ಬಲಕ್ಕೆ ತಳ್ಳಿದ್ದರಲ್ಲಿ
ಒಳ್ಳೆಯದೆಷ್ಟಿತ್ತು?
ಹಳದಿ ಬೀಜದಲ್ಲಿತ್ತೋ, ನನ್ನಲ್ಲೋ?

ಕೇಳೋಣವೆಂದರೆ ಕುಞ್ಞಾಲಿ ಇಲ್ಲ.
ಆ ಬೀಜಗಳನ್ನು ಯಾವುದೋ ದೇಶದಲ್ಲಿ
ಯಾರೋ ಕುಡಿದು ಲೋಟ ತೊಳೆದಿಟ್ಟಾಯಿತು.
ನಮ್ಮ ಮೇಜಿನ ಜಾಗದಲ್ಲಿ ಈಗ ಯಂತ್ರ,
ಅದರ ಕಣ್ಣಿಗೆ ಪೊರೆ ಬರುವುದಿಲ್ಲವಂತೆ.

ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಬಂದಳು.

ನಾವು ಅವಳಿ. ನಾನು ಬಂದೆ,
ಇನ್ನೊಬ್ಬಳು ಬಂದಾಗ ಉಸಿರಿರಲಿಲ್ಲ.
ಹೆಸರಿಡಲಿಲ್ಲ, ಲೈನುಮನೆಗಳ ಹಿಂದೆ
ಹಾಲುವಾಣದ ಬುಡದಲ್ಲಿ ಮಣ್ಣು ಮಾಡಿದರಂತೆ.
"ಅವಳ ಪಾಲನ್ನೂ ಉಂಡು ಹುಟ್ಟಿದವಳು ನೀನು."
ಅನ್ನ ಬಡಿಸುವಾಗ, ತಲೆ ಬಾಚುವಾಗ,
ಧಾರೆಯ ದಿನವೂ ಅಮ್ಮ ಅದನ್ನೇ ಅಂದಳು.
ಆ ಮಾತನ್ನು ಬಲಕ್ಕೆ ತಳ್ಳಿದೆ, ಕಪ್ಪಿನ ರಾಶಿಗೆ.
ಅವಳ ಜೊತೆಗೇ ಅವಳನ್ನೂ.
ತೀರಿಕೊಂಡಾಗ ಸುಂಟಿಕೊಪ್ಪಕ್ಕೆ ಹೋದೆ,
ಕೆಲಸವೆಲ್ಲ ಮಾಡಿದೆ, ಅಳಲಿಲ್ಲ.

ಕಾಫಿ ಹಣ್ಣಿನೊಳಗೆ ಎರಡು ಬೀಜ,
ಚಪ್ಪಟೆ ಹೊಟ್ಟೆ ಒಂದಕ್ಕೊಂದು ತಾಗಿಸಿ ಮಲಗಿರುತ್ತವೆ.
ಒಮ್ಮೊಮ್ಮೆ ಒಂದು ಕಟ್ಟುವುದಿಲ್ಲ,
ಉಳಿದದ್ದು ಇಡೀ ಕೋಣೆ ತುಂಬಿ ಉರುಟಾಗುತ್ತದೆ.
ಪೀಬೆರಿ. ಅದಕ್ಕೆ ಬೇರೆ ಚೀಲ, ಬೆಲೆಯೂ ಹೆಚ್ಚು.
ಎಷ್ಟು ಲಕ್ಷ ಆರಿಸಿದೆನೋ,
ಒಂದನ್ನೂ ಹಿಡಿದು ಕೇಳಲಿಲ್ಲ:
ನಿನ್ನ ಚಪ್ಪಟೆಯ ಕಡೆ ಎಲ್ಲಿ?

ಈಗ ಅಮ್ಮನ ಮಾತನ್ನು ಅಂಗೈಗೆ ಹಾಕಿಕೊಂಡು
ಹೊಸ ಕಣ್ಣಿನಿಂದ ನೋಡುತ್ತೇನೆ.
ಬಡಿಸುವಾಗ ಅಂದಳಲ್ಲ, ಆಗ ಅವಳ ಸೌಟು
ನನ್ನ ತಟ್ಟೆಗೆ ಎರಡು ಸಲ ಬಾಗುತ್ತಿತ್ತು.
ತಮ್ಮಂದಿರಿಗೆ ಒಂದೇ; ಅವರು ಜಗಳವಾಡುತ್ತಿದ್ದರು.
ಅದು ನೆನಪಿತ್ತು ನನಗೆ, ಯಾವಾಗಲೂ ಇತ್ತು,
ಈ ಮಾತಿನ ಪಕ್ಕದಲ್ಲಿಟ್ಟು ನೋಡಿರಲಿಲ್ಲ ಅಷ್ಟೆ.
ಬೈಗುಳವೋ, ಇನ್ನೊಬ್ಬಳಿಗೂ ಉಣಿಸುವ ದಾರಿಯೋ?
ಹೇಳಲಾರೆ. ತಕ್ಕಡಿಯಲ್ಲ ನಾನು.

ಭಜನೆಯ ವಾರಿಜ ಬಂದು ಕರೆದಳು:
ಕಣ್ಣು ಬಂತಲ್ಲ, ತಲಕಾವೇರಿಗೆ ಹೋಗೋಣ, ತೀರ್ಥ ತರೋಣ.
ಕಣ್ಣಿಗೆ ನೀರು ತಾಗಿಸಬಾರದು ಎಂದಿದ್ದಾರೆ, ಎಂದೆ.
ಒಳಗಿನಿಂದ ಬರುವುದರ ಬಗ್ಗೆ
ಡಾಕ್ಟರು ಏನೂ ಹೇಳಿರಲಿಲ್ಲ.

ಬಲಗಣ್ಣಿನ ಚೀಟಿ ದೇವರ ಪಟದ ಹಿಂದಿದೆ.
ಹೋಗಬೇಕೋ ಬೇಡವೋ.
ಒಂದು ಕಿಟಕಿ ಹಾಗೇ ಇರಲಿ ಅನ್ನಿಸುತ್ತದೆ,
ಕಂಡದ್ದೆಲ್ಲ ನಿಜವೆಂದು ಜಂಬ ಬಂದಾಗ
ಮುಚ್ಚಿ ತೆರೆದು ನೋಡಿಕೊಳ್ಳಲು.

ಮಧ್ಯಾಹ್ನ ಬಡಿಸಿಕೊಳ್ಳುವಾಗ
ಸೌಟು ಕೈಯಲ್ಲೇ ನಿಂತಿತು.
ಹಸಿವೇನೂ ಇರಲಿಲ್ಲ.
ಇನ್ನೊಂದು ಸೌಟು ಹಾಕಿಕೊಂಡೆ.